ಮಹಿಷಾಸುರನ ಮುಖಕ್ಕೆ ಟೈಲ್ಸ್

"ಎಂತ ಮಾರಾಯ ಇದು, ಮಹಿಷಾಸುರನ ಮುಖಕ್ಕೆ ಟೈಲ್ಸ್ ಹಾಕಿದ ಹಾಗೆ ಉಂಟಲ್ಲ!"

ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ ವಿಸಿಡಿಗೆ, ಅಂದರೆ ವಿಡಿಯೋ ತುಂಬಿಸಿದ ಸಿಡಿಗೆ, ಮಾವ ಕೊಟ್ಟ ಸರ್ಟಿಫಿಕೇಟು ಇದು. ಚಿತ್ರ ಅಲ್ಲಲ್ಲಿ ಚೌಕ ಚೌಕವಾಗಿ ಒಡೆದಿತ್ತು. 2006ರ ಮಳೆಗಾಲ. ಮೂಡುಬಿದಿರೆ ಹತ್ತಿರದ ಅಜ್ಜನ ಮನೆ ಗದ್ದೆಯಲ್ಲಿ 1994ರಲ್ಲಿ ಹರಕೆಯ ಯಕ್ಷಗಾನ ಆಟ ಆಗಿತ್ತು. ಅದರ ವಿಎಚ್ಎಸ್ ಟೇಪಿಗೆ ಬೂಸ್ಟು ಹಿಡಿಯಲು ಶುರುವಾಗಿತ್ತು, ನಮ್ಮ ಕಡೆಯ ಹವೆಗೆ ಟೇಪು ಉಳಿಯುವುದೇ ಕಷ್ಟ. ಮಂಗಳೂರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ ಅಳಿಯ ನಾನೊಬ್ಬನೇ. ಹಾಗಾಗಿ ಟೇಪು, ವಿಸಿಆರ್ ಎರಡೂ ಕದ್ರಿಯ ನನ್ನ ರೂಮಿಗೆ ಬಂದವು. ಮಾವನ ಮನೆಯ ಪ್ಲೇಯರಿಗೆ ವಿಸಿಡಿ ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ, ಆದ್ದರಿಂದ ವಿಸಿಡಿಯೇ ಆಗಬೇಕು.

ಮೊದಲು ನಾನು ಬೈದದ್ದು ಸಿಡಿಯನ್ನು. ಹಂಪನಕಟ್ಟೆಯಲ್ಲಿ ತಂದ ಅಗ್ಗದ ಖಾಲಿ ಸಿಡಿ, ಅದರ ಮೇಲೆ 48 ಎಕ್ಸ್ ವೇಗದಲ್ಲಿ ಬರೆದದ್ದು. ಒಳ್ಳೆಯ ಸಿಡಿ ತಂದು 8 ಎಕ್ಸ್‌ನಲ್ಲಿ ಬರೆದೆ. ಅರ್ಧ ಕಾಯಿಲೆ ಹೋಯಿತು, ಅರ್ಧ ಹಾಗೇ ಉಳಿಯಿತು. ಆಗ ಗೊತ್ತಾದದ್ದು, ಚೌಕಗಳಲ್ಲಿ ಎರಡು ಜಾತಿ ಉಂಟು ಅಂತ. ಹಾಡಿಸಿದ ಸಲವೆಲ್ಲ ಬೇರೆ ಬೇರೆ ಜಾಗದಲ್ಲಿ ಬಂದು, ಜೊತೆಗೆ ಚೆಂಡೆಯ ಪೆಟ್ಟೂ ತುಂಡಾದರೆ ಅದು ಡಿಸ್ಕ್ ಓದಲಾಗದ ತೊಂದರೆ. ವಿಸಿಡಿಯಲ್ಲಿ ಜಾಸ್ತಿ ವಿಡಿಯೋ ತುಂಬಿಸಲಿಕ್ಕೆ ಡೇಟಾ ಸಿಡಿಯಲ್ಲಿರುವ ತಪ್ಪು ತಿದ್ದುವ ಒಂದು ಪದರವನ್ನೇ ತೆಗೆದಿರುತ್ತಾರೆ. 700 ಎಂಬಿ ಸಿಡಿಯಲ್ಲಿ ಸುಮಾರು 800 ಎಂಬಿ ಹಿಡಿಯುವುದು ಅದಕ್ಕೇ, ಸಣ್ಣ ಗೀರು ಬಿದ್ದರೂ ಅಳುವುದು ಅದಕ್ಕೇ. ಇನ್ನೊಂದು ಜಾತಿಯದ್ದು ಪ್ರತಿಸಲ ಅದೇ ಕ್ಷಣದಲ್ಲಿ, ಅದೇ ಜಾಗದಲ್ಲಿ ಬರುತ್ತದೆ. ಕಂಪ್ಯೂಟರಿನಲ್ಲಿ ಫೈಲ್ ತೆರೆದರೂ ಬರುತ್ತದೆ. ಅದು ನಾವೇ ಮಾಡಿಕೊಂಡದ್ದು.

ಎಲ್ಲಿ ಬರುತ್ತಿತ್ತು ಅಂದರೆ, ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದುಕೊಂಡು ಬರುತ್ತಾನಲ್ಲ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ ಅಂತ ಏಳುತ್ತದಲ್ಲ, ಸರಿಯಾಗಿ ಅಲ್ಲಿ. ಭಾಗವತರು ಕೂತು ಹಾಡುವಾಗ ಚಿತ್ರ ಕನ್ನಡಿಯ ಹಾಗೆ. ಪುಂಡುವೇಷ, ಅಂದರೆ ಚುರುಕಿನ ಹುಡುಗನ ಪಾತ್ರ, ದಿಗಿಣ ಹಾಕಿ ಸುತ್ತುತ್ತಾ ಹಾರಲು ಶುರು ಮಾಡಿದರೆ ಕಾಲು ಕೈ ಎಲ್ಲ ಇಟ್ಟಿಗೆ.

ಕೂತು ಲೆಕ್ಕ ಹಾಕಿದೆ. ವಿಸಿಡಿಯ ಚಿತ್ರ 352 ಚುಕ್ಕಿ ಅಡ್ಡ, 288 ಚುಕ್ಕಿ ಉದ್ದ. ವಿಡಿಯೋವನ್ನು ಹಿಂಡಿ ಸಣ್ಣದು ಮಾಡುವ ಎಂಪೆಗ್ ವಿಧಾನ ಅದನ್ನು 16ಕ್ಕೆ 16ರ ಚೌಕಗಳಾಗಿ ಕತ್ತರಿಸುತ್ತದೆ, ಒಟ್ಟು 396 ಚೌಕ. ವಿಡಿಯೋಗೆ ಸೆಕೆಂಡಿಗೆ ಸಿಗುವುದು 1150 ಕಿಲೋಬಿಟ್, ಅದೂ 25 ಫ್ರೇಮಿಗೆ ಹಂಚಿಕೊಳ್ಳಬೇಕು. ಅಂದರೆ ಒಂದು ಫ್ರೇಮಿಗೆ ಆರು ಕೆಬಿಯೂ ಇಲ್ಲ! ಹಿಂದಿನ ಫ್ರೇಮಿನಲ್ಲಿ ಇದ್ದದ್ದು ಹಾಗೇ ಇದ್ದರೆ ಹೊಸದಾಗಿ ಬರೆಯುವುದು ಬೇಡ, ಅದರಲ್ಲೇ ಸಂಸಾರ ನಡೆಯುತ್ತದೆ. ಬೆಂಕಿ, ಹೊಗೆ, ಕಿರೀಟದ ಮಿಣಿಮಿಣಿ ಒಟ್ಟಿಗೆ ಬಂದರೆ ಪಾಪ, ಅದು ಎಲ್ಲಿಂದ ತರಬೇಕು? ಒಂದು ಚೌಕಕ್ಕೆ ಒಂದು ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತದೆ.

ಎಸ್‌ವಿಸಿಡಿ (ಹೆಚ್ಚು ಚುಕ್ಕಿಗಳ ವಿಸಿಡಿ) ಮಾಡಿದರೆ ಚಂದ ಬಂದೀತು, ಪ್ಲೇಯರಿನ ಯೋಚನೆ ಆಮೇಲೆ ಅಂದುಕೊಂಡೆ. ಮೂರು ಗಂಟೆಯ ಟೇಪನ್ನು ಮೂರೇ ಡಿಸ್ಕಿಗೆ ತುಂಬಿಸಲು ಹೊರಟ ಕಾರಣ ಇನ್ನೂ ಹಾಳಾಯಿತು. 480ಕ್ಕೆ 576 ಅಂದರೆ ಚುಕ್ಕಿಗಳು ಎರಡೂಮುಕ್ಕಾಲು ಪಟ್ಟು ಹತ್ತಿರ, ಬಿಟ್ ಮಾತ್ರ ಒಂದೂವರೆ ಪಟ್ಟೂ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ನಿಜವಾದ ಪೆದ್ದುತನ ಬೇರೆಯೇ ಇತ್ತು. ಹಾರ್ಡ್‌ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಟೇಪನ್ನು ಮೊದಲೇ ಹಿಂಡಿ ಡಿವಿಎಕ್ಸ್ ಎಂಬ ಸಣ್ಣ ಫೈಲ್ ಮಾಡಿಟ್ಟಿದ್ದೆ, ವಿಸಿಡಿಗೆ ಅದನ್ನೇ ಮತ್ತೆ ಹಿಂಡಿದ್ದೆ. ಮೊದಲ ಹಿಂಡಿನಲ್ಲಿ ಬಂದ ಚೌಕದ ಅಂಚುಗಳನ್ನು ಎರಡನೆಯದ್ದು ಚಿತ್ರದ ಭಾಗವೇ ಅಂತ ನಂಬಿ ಕಷ್ಟಪಟ್ಟು ಕಾಪಾಡುತ್ತಿತ್ತು.

ಹಳೆಯ ಸಿನಿಮಾ ಫೈಲುಗಳನ್ನೆಲ್ಲ ಅಳಿಸಿ ಜಾಗ ಮಾಡಿದೆ. ಅರ್ಧರ್ಧ ಗಂಟೆಯ ತುಂಡುಗಳಾಗಿ, ಸ್ವಲ್ಪವೇ ಒತ್ತುವ ಫಾರ್ಮ್ಯಾಟಿನಲ್ಲಿ ಟೇಪನ್ನು ಮತ್ತೆ ಎಳೆದುಕೊಂಡೆ. ಟಿವಿಯ 576 ಗೆರೆ ಗೆರೆ ಬಿಟ್ಟು ಗೆರೆ, ಎರಡು ಫೀಲ್ಡಾಗಿ ಬರುತ್ತದಲ್ಲ, ಒಂದನ್ನು ಬಿಟ್ಟರೆ ಸರಿಯಾಗಿ 288. ದಿಗಿಣದಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತಿದ್ದ ಗೆರೆ ಅದರಿಂದಲೇ ಹೋಯಿತು. ಟೇಪಿನ ಕೆಳಗಿನ ಅಂಚಿನಲ್ಲಿ ಹರಿದ ಹಾಗೆ ಕುಣಿಯುವ ಪಟ್ಟಿಗೆ ಕಪ್ಪು ಬಳಿದೆ, ಸುತ್ತಲೂ 16 ಚುಕ್ಕಿ ಕಪ್ಪು ಅಂಚು ಕಟ್ಟಿದೆ. ಮಾವನ ಹಳೆಯ ಟಿವಿ ಹೇಗೂ ಅಂಚನ್ನು ನುಂಗುತ್ತದೆ, ಕಪ್ಪಿಗೆ ಬಿಟ್ ಖರ್ಚೂ ಇಲ್ಲ. ಈ ಉಪಾಯ ನನಗೆ ಈಗಲೂ ಇಷ್ಟ. ಕತ್ತಲೆಯಲ್ಲಿ ಇರುವೆ ಮುತ್ತಿದ ಹಾಗೆ ಕಾಣುವ ಟೇಪಿನ ಕಾಳು ಪ್ರತಿ ಫ್ರೇಮಿನಲ್ಲೂ ಬದಲಾಗಿ ಬಿಟ್ ತಿನ್ನುತ್ತದೆ, ಅದಕ್ಕೆ ನಾಯ್ಸ್ ಫಿಲ್ಟರ್ ಹಾಕಿದೆ. ಯಾವ ಚೌಕ ಎಲ್ಲಿಗೆ ಸರಿಯಿತು ಅಂತ ಹುಡುಕುವ ಮೋಷನ್ ಸರ್ಚನ್ನು ಅತಿ ನಿಧಾನಕ್ಕೆ ಇಟ್ಟು ಮಲಗಿದೆ. ಬೆಳಗಿನ ಜಾವ ಸಿಡಿಲು, ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ಸುಮ್ಮನಾಯಿತು. ಮತ್ತೆ ಮೊದಲಿನಿಂದ.

ಭಾನುವಾರ ಡಿಸ್ಕ್ ತೆಗೆದುಕೊಂಡು ಬಸ್ಸು ಹತ್ತಿದೆ. ಮಾವ ಕಣ್ಣು ಮಿಟುಕಿಸದೆ ನೋಡಿದರು. ಮಹಿಷಾಸುರ ಬಂದ, ರಾಳ ಹಾರಿತು, ಟೈಲ್ಸ್ ಇಲ್ಲ. ನಾನು ಬೆನ್ನು ತಟ್ಟುತ್ತಾರೆ ಅಂತ ಕಾಯುತ್ತಿದ್ದೆ.

"ಸ್ವಲ್ಪ ಹಿಂದೆ ಹಾಕು. ಎಡಗಡೆ ಕುರ್ಚಿಯಲ್ಲಿ ಅಪ್ಪ ಕೂತಿದ್ದರಲ್ಲ? ಟೇಪಿನಲ್ಲಿ ಕಾಣುತ್ತಿತ್ತು."

ಹಿಂದೆ ಹಾಕಿದೆ. ಅಜ್ಜನ ಶಾಲು ಕಾಣುತ್ತಿತ್ತು. ಅದರ ಮೇಲೆ ಕಣ್ಣು ಮೂಗು ಇಲ್ಲದ ಮೇಣದ ಉಂಡೆ. ಫಿಲ್ಟರನ್ನು ಜೋರಾಗಿಯೇ ತಿರುಗಿಸಿದ್ದೆ, ಕತ್ತಲೆಯ ಕಾಳಿನ ಜೊತೆ ಮುಖವೂ ಒರೆಸಿ ಹೋಗಿತ್ತು.

"ಟೈಲ್ಸ್ ಹೋಯಿತು ಸರಿ, ಅಪ್ಪನೂ ಹೋದರಲ್ಲ ಮಾರಾಯ," ಅಂದರು ಮಾವ. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಮುಂದಿನ ವಾರ ಫಿಲ್ಟರನ್ನು ಕಾಲು ಭಾಗಕ್ಕೆ ಇಳಿಸಿ ಮತ್ತೆ ಮಾಡಿದೆ. ಮಹಿಷಾಸುರನ ಗಲ್ಲದ ಹತ್ತಿರ ನಾಲ್ಕಾರು ಟೈಲ್ಸ್ ವಾಪಸ್ ಬಂದವು. ಮಾವ ಅದರ ಬಗ್ಗೆ ಮಾತೇ ಎತ್ತಲಿಲ್ಲ. ಎಡಗಡೆಯ ಕುರ್ಚಿ ಬಂದಾಗ ರಿಮೋಟು ಒತ್ತಿ ನಿಲ್ಲಿಸಿ, ಅತ್ತೆಯನ್ನು ಅಡಿಗೆಮನೆಯಿಂದ ಕರೆದರು.