ಓಬ್ರಾಕ್ ಪ್ರಸ್ಥಭೂಮಿಯ ಚಾಕಿನೂರು: ಮೊದಲ ಒಳ್ಳೆಯ ಮಡಚುಚಾಕು ಕೊಳ್ಳಲು ಲಾಯೋಲ್‌ಗೆ

ದಕ್ಷಿಣ ಫ್ರಾನ್ಸಿನ ರೋಡೆಜ್‌ನಿಂದ ಲಾಯೋಲ್‌ಗೆ ಸುಮಾರು 55 ಕಿಲೋಮೀಟರ್. ಊರಿಗೆ ರೈಲಿಲ್ಲ. ರೋಡೆಜ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಾಡಿಗೆ ಕಾರು ಹಿಡಿಯುವುದೇ ಸಲೀಸು. ಎಸ್ಪಾಲಿಯೋನ್‌ನಲ್ಲಿ ಲೋಟ್ ನದಿಯ ಹಳೇ ಕಲ್ಲುಸೇತುವೆ ನೋಡಿಕೊಂಡು ಡಿ-921 ರಸ್ತೆಗೆ ಬಿದ್ದರೆ ಏರು ಶುರು. ಕಣಿವೆಯ ಮರಗಳು ಹಿಂದೆ ಸರಿದು ಓಬ್ರಾಕ್ ಪ್ರಸ್ಥಭೂಮಿ ತೆರೆದುಕೊಳ್ಳುತ್ತದೆ: ಕಪ್ಪುಗಲ್ಲಿನ ಮೋಟುಗೋಡೆಗಳು, ಕೊನೆಯೇ ಕಾಣದ ಹುಲ್ಲುಗಾವಲು, ಕಣ್ಣಿಗೆ ಕಾಡಿಗೆ ತೀಡಿದಂತಿರುವ ಕಂದು ಹಸುಗಳು. ಊರು ಇರುವುದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಹಾಗಾಗಿ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ದಿನಗಳು ಒಳ್ಳೆಯವು. ಮೇ ಕೊನೆಯಲ್ಲಿ ಹೋದರೆ ದನಗಳಿಗೆ ಹೂವು, ಗಂಟೆ ಕಟ್ಟಿ ಬೇಸಿಗೆಯ ಹುಲ್ಲುಗಾವಲಿಗೆ ಹತ್ತಿಸುವ ಮೆರವಣಿಗೆಯೂ ಸಿಗುತ್ತದೆ.

ಸಂತೆ ಚೌಕದಲ್ಲಿ ಕಂಚಿನ ಗೂಳಿ ನಿಂತಿದೆ. ಅದರ ಸುತ್ತ ಬರೀ ಚಾಕಿನ ಅಂಗಡಿಗಳು. ದನಕ್ಕೂ ಚಾಕಿಗೂ ಇಲ್ಲಿ ನಂಟು ಹಳೆಯದು. ಚಳಿಗಾಲದಲ್ಲಿ ಕೂಲಿಗಾಗಿ ಸ್ಪೇನಿಗೆ ಹೋಗುತ್ತಿದ್ದ ಈ ಸೀಮೆಯ ಜನ ಅಲ್ಲಿನ ನವಾಹಾ ಎಂಬ ಮಡಚುಕತ್ತಿಯನ್ನು ಕಂಡಿದ್ದರು. 1829ರಲ್ಲಿ ಪಿಯೇರ್-ಜಾನ್ ಕಾಲ್ಮೆಲ್ ಎಂಬ ಕಸುಬುದಾರ ಇಲ್ಲಿನ ಚಾಕಿಗೆ ರೂಪ ಕೊಟ್ಟ. 1840ರ ಹೊತ್ತಿಗೆ ಅದರ ಬೆನ್ನಿಗೆ ದಬ್ಬಳದಂಥ ಮೊನೆ ಸೇರಿತು. ಚರ್ಮ ತೂತು ಮಾಡಲು, ಮತ್ತೆ ಹೊಟ್ಟೆ ಉಬ್ಬರಿಸಿದ ದನಕ್ಕೆ ಚುಚ್ಚಿ ಗಾಳಿ ಬಿಡಲು. ದನ ಕಟ್ಟಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 1880ರಲ್ಲಿ ಬಿರಡೆ ತೆಗೆಯುವ ತಿರುಪು ಬಂತು. ಓಬ್ರಾಕ್‌ನ ಮಂದಿ ಪ್ಯಾರಿಸ್‌ಗೆ ಹೋಗಿ ಕಾಫಿ ಅಂಗಡಿ, ಮದ್ಯದಂಗಡಿ ಇಟ್ಟ ಕಾಲ ಅದು. ಮುಂದೆ ತಯಾರಿಕೆ ಉತ್ತರದ ತಿಯೇರ್ ಪಟ್ಟಣಕ್ಕೆ ಜಾರಿ, ಊರಿನ ಕುಲುಮೆಗಳು ಆರಿದವು. ಮತ್ತೆ ಹೊತ್ತಿಕೊಂಡಿದ್ದು 1980ರ ದಶಕದಲ್ಲಿ. 1987ರ ‘ಫೋರ್ಜ್ ದ ಲಾಯೋಲ್’ ಕಾರ್ಖಾನೆಯನ್ನು ವಿನ್ಯಾಸಗೊಳಿಸಿದ್ದು ಫ್ರೆಂಚ್ ವಿನ್ಯಾಸಕ ಫಿಲಿಪ್ ಸ್ಟಾರ್ಕ್. ಛಾವಣಿ ಸೀಳಿಕೊಂಡು ಮೇಲೆದ್ದ 18 ಮೀಟರ್ ಅಲಗು ದೂರದಿಂದಲೇ ಕಾಣುತ್ತದೆ.

ಕೊಳ್ಳುವ ಮೊದಲು ತಯಾರಿ ನೋಡಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಮಡಚುಚಾಕಿನ ಸುಖ ಇರುವುದು ಕೀಲಿನಲ್ಲಿ, ಅಲಗಿನ ಹೊಳಪಿನಲ್ಲಲ್ಲ. ಉಕ್ಕನ್ನು ಸಾವಿರ ಡಿಗ್ರಿ ದಾಟಿಸಿ, ತಣಿಸಿ, ಮತ್ತೆ ಸಣ್ಣ ಕಾವಿನಲ್ಲಿ ಹದಕ್ಕೆ ತರುತ್ತಾರೆ. ಹೀಗೆ ಹದಕ್ಕೆ ತರದ ಉಕ್ಕು ಗಾಜಿನಂತೆ ಸಿಡಿಯುತ್ತದೆ. ಆಮೇಲಿನದು ಮೇಜಿನ ಮುಂದಿನ ಕೆಲಸ. ಎರಡು ತೆಳು ಲೋಹದ ಪಟ್ಟಿ, ನಡುವೆ ಬೆನ್ನಿನ ಸ್ಪ್ರಿಂಗ್, ಮೂತಿಯಲ್ಲಿ ಅಲಗು, ಹೊರಗೆ ಕೊಂಬು ಅಥವಾ ಮರದ ಹಿಡಿ, ಎಲ್ಲವನ್ನೂ ಹಿಡಿದಿಡುವ ಮೊಳೆಗಳು. ಒಳ್ಳೆಯ ಕಾರ್ಖಾನೆಗಳಲ್ಲಿ ಈ ಜೋಡಣೆ ಮೊದಲಿಂದ ಕೊನೆವರೆಗೆ ಒಬ್ಬರದೇ ಕೈ. ಕೀಲಿನ ಮೊಳೆಗೆ ಕೊಡುವ ಕೊನೆಯ ಸುತ್ತಿಗೆ ಏಟುಗಳನ್ನು ಗಮನಿಸಿ. ಒಂದು ಏಟು ಹೆಚ್ಚಾದರೆ ಅಲಗು ಬಿಗಿಯುತ್ತದೆ, ಕಡಿಮೆಯಾದರೆ ಅಲ್ಲಾಡುತ್ತದೆ. ಏಟು ಹಾಕಿ, ಬಿಚ್ಚಿ, ಮಡಚಿ, ಮತ್ತೆ ಒಂದು ಏಟು. ನೂರೈವತ್ತು, ಇನ್ನೂರು ಯೂರೋ ಕೊಡುವುದು ಈ ತಾಳ್ಮೆಗೆ.

ಅಂಗಡಿಯಲ್ಲಿ ಮೊದಲ ಚಾಕಿಗೆ 12 ಸೆಂಟಿಮೀಟರ್ ಹಿಡಿಯದ್ದನ್ನೇ ಕೇಳಿ. ಅಲಗು ಸುಮಾರು 10 ಸೆಂಟಿಮೀಟರ್ ಬರುತ್ತದೆ, ನಾಲ್ಕೂ ಬೆರಳು ಹಿಡಿಯ ಮೇಲೆ ನೆಮ್ಮದಿಯಾಗಿ ಕೂರುತ್ತವೆ. ಅದೇ ಮಾದರಿಯ ಮೂರು ನಾಲ್ಕನ್ನು ತೆಗೆಸಿ, ಒಂದೊಂದನ್ನೇ ಕೈಗೆ ತಗೊಳ್ಳಿ. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದಿರುವುದಿಲ್ಲ. ಮಡಚಿದ ಚಾಕನ್ನು ಮೇಲಿನಿಂದ ನೋಡಿ: ಅಲಗು ಎರಡು ಪಟ್ಟಿಗಳ ನಟ್ಟನಡುವೆ ಮಲಗಿರಬೇಕು, ಒಂದು ಕಡೆಗೆ ವಾಲಿದ್ದರೆ ನಾಳೆ ಪಟ್ಟಿಗೆ ಉಜ್ಜಿ ಗೀರು ಬೀಳುತ್ತದೆ. ಬಿಚ್ಚಿ ಹಿಡಿದು ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಕದಲಬಾರದು. ಬೆಳಕಿಗೆ ಹಿಡಿದಾಗ ಸ್ಪ್ರಿಂಗಿಗೂ ಪಟ್ಟಿಗೂ ನಡುವೆ ಬೆಳಕು ತೂರಬಾರದು. ಲೋಹ ಮತ್ತು ಮರ ಸೇರುವಲ್ಲಿ ಉಗುರು ಎಳೆಯಿರಿ, ಎಲ್ಲೂ ತಡೆಯಬಾರದು. ಇಷ್ಟು ಪಾಸಾದ ಚಾಕನ್ನು ನಿಧಾನಕ್ಕೆ ಬಿಚ್ಚಿದಾಗ ಮೊದಲು ಸ್ವಲ್ಪ ಪ್ರತಿರೋಧ, ಆಮೇಲೆ ಸರಾಗ, ಕೊನೆಗೆ ‘ಟಕ್’ ಎಂದು ಕೂರುವುದು ಬೆರಳಿಗೆ ತಿಳಿಯುತ್ತದೆ. ಆ ಟಕ್ ಕೇಳಿದ ಮೇಲೆ ಚಾಕನ್ನು ವಾಪಸ್ ಇಡಲು ಮನಸ್ಸಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಸ್ಪ್ರಿಂಗಿನ ತುದಿಯ ಜೇನುನೊಣವನ್ನೂ ನೋಡಿ. ಉತ್ತಮ ದರ್ಜೆಯದರಲ್ಲಿ ನೊಣ ಸ್ಪ್ರಿಂಗಿನ ಉಕ್ಕಿನಿಂದಲೇ ಬಡಿದು ಮೂಡಿಸಿದ್ದು. ಅಗ್ಗದ್ದರಲ್ಲಿ ಬೇರೆ ಮಾಡಿ ಬೆಸೆದಿರುತ್ತಾರೆ, ಬುಡದಲ್ಲಿ ಗೆರೆ ಕಾಣುತ್ತದೆ. ನೊಣದ ಗುರುತೂ ಲಾಯೋಲ್ ಎಂಬ ಹೆಸರೂ ಚೀನಾ, ಪಾಕಿಸ್ತಾನದಲ್ಲಿ ತಯಾರಾದವುಗಳ ಮೇಲೂ ಇರುತ್ತವೆ. ಹಾಗಾಗಿ ಅಲಗಿನ ಮೇಲೆ ತಯಾರಕರ ಮುದ್ರೆ ಓದಿ, ಎಲ್ಲಿ ಮಾಡಿದ್ದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಿಡಿಯ ಮೇಲೆ ಸಣ್ಣ ಮೊಳೆಗಳಲ್ಲಿ ಶಿಲುಬೆ ಇರುತ್ತದೆ. ಬೆಟ್ಟದಲ್ಲಿ ಕುರಿಗಾಹಿಗಳು ಚಾಕನ್ನು ರೊಟ್ಟಿಗೆ ನೆಟ್ಟು ಪ್ರಾರ್ಥಿಸುತ್ತಿದ್ದರು ಎಂದು ಊರವರು ಹೇಳುತ್ತಾರೆ.

ನಮ್ಮ ಮಲೆನಾಡು, ಕರಾವಳಿಗೆ ತರುವುದಾದರೆ ಉಕ್ಕಿನ ಆಯ್ಕೆಯಲ್ಲಿ ಹಟ ಬೇಡ. ಎಕ್ಸ್‌ಸಿ-75 ಎಂಬ ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ ನಿಜ, ಆದರೆ ಮಾವಿನಕಾಯಿ ಕೊಯ್ದು ಒರೆಸದೆ ಇಟ್ಟರೆ ಕಪ್ಪಾಗುತ್ತದೆ, ಆಷಾಢದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಸುಮಾರು 13.5 ಶೇಕಡಾ ಕ್ರೋಮಿಯಂ ಇರುವ ಸ್ವೀಡನ್ನಿನ 12ಸಿ27 ಎಂಬ ಸ್ಟೇನ್‌ಲೆಸ್ ಉಕ್ಕು ಅಂಥ ಹವೆಯನ್ನು ತಾಳಿಕೊಳ್ಳುತ್ತದೆ. ಹಿಡಿಗೆ ಜುನಿಪರ್ ಮರ ಚೆನ್ನ, ವರ್ಷಗಟ್ಟಲೆ ಘಮ ಬಿಡುತ್ತದೆ. ಕೊಂಬು ಬಹಳ ಚೆಂದ, ಆದರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ.

ವಾಪಸಾಗುವಾಗ ಎರಡು ಎಚ್ಚರಿಕೆ. ಫ್ರಾನ್ಸಿನಲ್ಲಿ ಸಕಾರಣವಿಲ್ಲದೆ ಜೇಬಿನಲ್ಲಿ ಚಾಕಿಟ್ಟು ತಿರುಗುವುದು ಅಪರಾಧ. ಪೆಟ್ಟಿಗೆ ಬಿಚ್ಚದೆ ಸೂಟ್‌ಕೇಸಿನಲ್ಲಿಡಿ. ವಿಮಾನದಲ್ಲಿ ಅದು ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು. ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿ ಕೊಂಡಿದ್ದರೆ ಪಾಸ್‌ಪೋರ್ಟ್ ತೋರಿಸಿ ತೆರಿಗೆ ವಾಪಸಾತಿ ಕಾಗದ ಪಡೆಯಿರಿ. ವಿಮಾನ ನಿಲ್ದಾಣದ ಪಾಬ್ಲೊ ಯಂತ್ರದಲ್ಲಿ ಅದನ್ನು ಸ್ಕ್ಯಾನ್ ಮಾಡುವುದು ಲಗೇಜು ಒಪ್ಪಿಸುವ ಮೊದಲೇ ಆಗಬೇಕು. ಕಸ್ಟಮ್ಸ್‌ನವರು ವಸ್ತು ತೋರಿಸಿ ಎಂದರೆ ಚಾಕು ಆಗಲೇ ಬೆಲ್ಟಿನ ಮೇಲೆ ಹೋಗಿರಬಾರದು.

ಮನೆಯಲ್ಲಿ ಮಡಚುವಾಗ ಅಲಗಿನ ಬೆನ್ನಿಗೆ ಬೆರಳು ಕೊಟ್ಟು ಮೆಲ್ಲಗೆ ಇಳಿಸಿ. ಕೈಬಿಟ್ಟರೆ ಹರಿತ ಅಂಚು ಒಳಗಿನ ಸ್ಪ್ರಿಂಗಿಗೆ ಬಡಿದು ಅದೇ ಜಾಗದಲ್ಲಿ ಬಾಯಿ ಹೋಗುತ್ತದೆ. ಇದರಲ್ಲಿ ಬೀಗವಿಲ್ಲ, ಸ್ಪ್ರಿಂಗಿನ ಹಿಡಿತವಷ್ಟೇ. ಆದ್ದರಿಂದ ಚುಚ್ಚುವುದು, ಮೀಟುವುದು ಬೇಡ, ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ನೀರಲ್ಲಿ ನೆನೆಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕೀಲಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ, ಕಮಟು ಹಿಡಿದು ಕೀಲನ್ನು ಅಂಟಿಸುತ್ತದೆ. ಸಾಣೆಗೆ 1000 ಗ್ರಿಟ್ಟಿನ ನೀರುಕಲ್ಲು (ನೀರು ಹಾಕಿ ಮಸೆಯುವ ಕಲ್ಲು; ಗ್ರಿಟ್ ಅಂಕಿ ಹೆಚ್ಚಿದಷ್ಟೂ ನುಣುಪು), ಆಮೇಲೆ 3000. ಪ್ರತಿ ಬದಿಗೂ 20 ಡಿಗ್ರಿ ಓರೆ ಇಟ್ಟು, ಬದಿ ಬದಲಿಸುತ್ತಾ ಎಳೆಯಿರಿ. ರಸ್ತೆಬದಿಯ ಸಾಣೆ ಚಕ್ರಕ್ಕೆ ಮಾತ್ರ ಕೊಡಬೇಡಿ. ಅದರ ಕಾವಿಗೆ ಅಂಚಿನ ಉಕ್ಕು ನೀಲಿಗಟ್ಟಿದರೆ ಕುಲುಮೆಯಲ್ಲಿ ಕೊಟ್ಟ ಹದ ಅಲ್ಲಿಗೆ ಹೋಯಿತು, ಮತ್ತೆ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ.