ನಳಿಗೆಯ ಮೇಲಿನ ಎರಡಕ್ಷರ

ರೆಮಿಂಗ್ಟನ್ 870 ಶಾಟ್‌ಗನ್‌ನ ವಯಸ್ಸು ನಳಿಗೆಯ ಎಡಬದಿಯಲ್ಲಿ, ರಿಸೀವರ್‌ಗೆ (ಕೋವಿಯ ಯಂತ್ರಭಾಗ ಕೂತಿರುವ ಲೋಹದ ಒಡಲಿಗೆ) ತಾಗಿಕೊಂಡೇ ಇರುತ್ತೆ. ಮೊದಲು ಚೇಂಬರ್ (ಸಿಡಿಯುವ ತೋಟಾ ಕೂರುವ ಜಾಗ), ಮ್ಯಾಗಜಿನ್ (ಉಳಿದ ತೋಟಾ ತುಂಬಿಡುವ ಕೊಳವೆ) ಎರಡೂ ಖಾಲಿ ಇದೆಯಾ ಅಂತ ಬೆರಳು ಹಾಕಿ ನೋಡಿ. ಆಮೇಲೆ ಎಣ್ಣೆಬಟ್ಟೆಯಲ್ಲಿ ಒರೆಸಿ, ಅಚ್ಚಿನ ಮೇಲೆ ಸೀಮೆಸುಣ್ಣ ಉಜ್ಜಿದರೆ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತೆ. ಸ್ಯಾಂಡ್‌ಪೇಪರ್ ಮಾತ್ರ ಬೇಡವೇ ಬೇಡ. ಬಣ್ಣದ ಜೊತೆ ಬೆಲೆಯೂ ಹೋಗುತ್ತೆ.

ಮೊದಲಕ್ಷರ ತಿಂಗಳು. ಜನವರಿಯಿಂದ ಡಿಸೆಂಬರ್‌ವರೆಗೆ ಕ್ರಮವಾಗಿ ಬಿ, ಎಲ್, ಎ, ಸಿ, ಕೆ, ಪಿ, ಓ, ಡಬ್ಲ್ಯೂ, ಡಿ, ಇ, ಆರ್, ಎಕ್ಸ್. ಕೂಡಿಸಿ ಓದಿ, 'ಬ್ಲ್ಯಾಕ್ ಪೌಡರ್', ಅಂದರೆ ಕರಿ ಮದ್ದಿನಪುಡಿ, ಆಗಿ ಕೊನೆಗೊಂದು ಎಕ್ಸ್ ಉಳಿಯುತ್ತೆ. ಯಾರೋ ಗುಮಾಸ್ತರ ತಮಾಷೆ ಇರಬೇಕು!

ಎರಡನೆಯದು ವರ್ಷ. ತಕರಾರು ಇಲ್ಲೇ, ಅಕ್ಷರಗಳು ಮರುಕಳಿಸುತ್ತವೆ. 'ಕೆ ಎ' ಅಂದರೆ 1954ರ ಮೇ ಆಗಬಹುದು, 1980ರ ಮೇ ಕೂಡ ಆಗಬಹುದು. ಆಗ ರಿಸೀವರ್‌ನ ಕ್ರಮಸಂಖ್ಯೆ ನೋಡಬೇಕು: ಕೊನೆಯಲ್ಲಿ 'ವಿ' ಇದ್ದರೆ ಅದು 12 ಬೋರ್ (ನಳಿಗೆಯ ಒಳಗಾತ್ರದ ಅಳತೆ), 2¾ ಇಂಚಿನ ತೋಟಾದ್ದು, 1968ರ ಈಚಿನದು.

ಇಷ್ಟಾದರೂ ಸಿಕ್ಕಿದ್ದು ನಳಿಗೆಯ ಜಾತಕ, ಕೋವಿಯದ್ದಲ್ಲ. ಮ್ಯಾಗಜಿನ್ ಕ್ಯಾಪ್ ತಿರುಗಿಸಿದರೆ 870ರ ನಳಿಗೆ ನಿಮಿಷದಲ್ಲಿ ಕೈಗೆ ಬರುತ್ತೆ. 1950ರಿಂದ ತಯಾರಾದ ಮಾದರಿ ಇದು, ಬಾತುಕೋಳಿಗೊಂದು ಜಿಂಕೆಗೊಂದು ಅಂತ ಅಮೆರಿಕದ ಬೇಟೆಗಾರರು ನಳಿಗೆ ಬದಲಿಸುತ್ತಲೇ ಬಂದಿದ್ದಾರೆ. ಅಪ್ಪನ ರಿಸೀವರ್‌ಗೆ ಮಗನ ನಳಿಗೆ. ಎರಡರ ಲೋಹದ ಬಣ್ಣ, ಸವೆತ ಒಂದೇ ಥರ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.