ಡಾಟ್ ನೆಟ್ ಕಲಿಯಲೋ, ಪಿಎಚ್‌ಪಿ ಕಲಿಯಲೋ

ಬಿಸಿಎ ಕೊನೆಯ ವರ್ಷದಲ್ಲಿರುವ ಅಕ್ಕನ ಮಗ ಮೊನ್ನೆ ಮನೆಗೆ ಬಂದವನೇ, "ಮಾಮ, ವೆಬ್ ಕೆಲಸಕ್ಕೆ ಡಾಟ್ ನೆಟ್ ಕಲಿಯಲೋ, ಪಿಎಚ್‌ಪಿ ಕಲಿಯಲೋ?" ಎಂದು ಕೇಳಿದ. ಓದುವ ಕಾಲದಲ್ಲಿ ನಾನೂ ಇದೇ ಪ್ರಶ್ನೆ ಹೊತ್ತು ತರಬೇತಿ ಕೇಂದ್ರಗಳನ್ನು ಸುತ್ತಿದವನು. ಆಗ ಗೆರೆ ಸ್ಪಷ್ಟವಾಗಿತ್ತು: ಜಾಲತಾಣ ಕಟ್ಟಲು 2002ರಲ್ಲಿ ಬಂದ ಡಾಟ್ ನೆಟ್‌ನ ಸಲಕರಣೆ, ಎಎಸ್‌ಪಿ ಡಾಟ್ ನೆಟ್, ಮೈಕ್ರೋಸಾಫ್ಟ್‌ನ ಸ್ವತ್ತಾಗಿದ್ದು ವಿಂಡೋಸ್ ಸರ್ವರ್ ಬೇಡುತ್ತಿತ್ತು, ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿ ಭಾಷೆಯನ್ನು ಯಾರು ಬೇಕಾದರೂ ಇಳಿಸಿಕೊಂಡು, ಒಳಗಿನ ಕೋಡ್ ಓದಿ, ತಿದ್ದಬಹುದಿತ್ತು. ಆ ಗೆರೆ ಈಗ ಅಲ್ಲಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ಡಾಟ್ ನೆಟ್‌ನ ಹೊಸ ರೂಪವಾದ ಡಾಟ್ ನೆಟ್ ಕೋರ್‌ನ ಕೋಡ್ ಮುಕ್ತಗೊಳಿಸುವುದಾಗಿ ಘೋಷಿಸಿತು; 2016ರ ಮೊದಲ ಆವೃತ್ತಿ ಲಿನಕ್ಸ್‌ನಲ್ಲೂ ಓಡಿತು. ಆದ್ದರಿಂದ ಹುಡುಗನಿಗೆ ಭಾಷೆಯ ಹೆಸರು ಹೇಳುವ ಬದಲು, ಒಳಗೆ ನೋಡಲು ಸಾಧ್ಯವಾಗುವುದರಿಂದ ಏನು ಸಿಗುತ್ತದೆ ಎಂಬುದನ್ನು ತೋರಿಸಿದೆ.

ಹಿಂದೊಮ್ಮೆ ಒಂದು ಕನ್ನಡ ಮಾಸಪತ್ರಿಕೆಗೆ, ಪಿಎಚ್‌ಪಿಯಲ್ಲಿ ಬರೆದ ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಕಟ್ಟುತ್ತಿದ್ದೆ. ಮುಖಪುಟದಲ್ಲಿ ಲೇಖನದ ಮೊದಲ ಕೆಲವು ಸಾಲುಗಳು ಮುಗಿಯುವಲ್ಲಿ, ಕೊನೆಯ ಅಕ್ಷರದ ಜಾಗದಲ್ಲಿ, ಕಪ್ಪು ಚೌಕದೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು. ಇಂಗ್ಲಿಷ್ ಬರಹಗಳಲ್ಲಿ ಈ ತೊಂದರೆ ಇರಲಿಲ್ಲ. ಆ ಸಾಲುಗಳನ್ನು ತೋರಿಸುವ ಪ್ಲಗಿನ್ನಿನ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಕಡತ ತೆರೆದು ನೋಡಿದಾಗ, ಅದು ಪಠ್ಯವನ್ನು ಬೈಟ್‌ಗಳ ಲೆಕ್ಕದಲ್ಲಿ ಕತ್ತರಿಸುತ್ತಿರುವುದು ತಿಳಿಯಿತು. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ನಡುವಿನ ಹಲಂತ ಚಿಹ್ನೆಯೂ ಸೇರಿ 5 ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಬೇಕಾಗುವುದರಿಂದ, ಪಠ್ಯದ ಉದ್ದ ಅಳೆಯುವ ಪಿಎಚ್‌ಪಿಯ ಸ್ಟ್ರ್‌ಲೆನ್ ಫಂಕ್ಷನ್ನಿಗೆ ಅದು 15. ಕತ್ತರಿ ಸಂಕೇತದ ನಡುವೆ ಬಿದ್ದರೆ ಅಕ್ಷರ ಒಡೆಯದೇ ಇರುವುದಿಲ್ಲ. ಬೈಟ್ ಬಿಟ್ಟು ಸಂಕೇತಗಳನ್ನೇ ಎಣಿಸುವ ಫಂಕ್ಷನ್ ಹಾಕಿದೆ; ಆಗಲೂ ಕೆಲವೆಡೆ ಒತ್ತಕ್ಷರ ಕಳಚಿ ಹೋಗುತ್ತಿದ್ದುದರಿಂದ, ಕೊನೆಯ ಖಾಲಿ ಜಾಗದವರೆಗೆ ಹಿಂದೆ ಸರಿದು ಕತ್ತರಿಸುವಂತೆ ಬರೆದೆ. ಬದಲಾದದ್ದು ನಾಲ್ಕೇ ಸಾಲು. ಆ ಒಂದು ಸಂಜೆಯಲ್ಲಿ ಯೂನಿಕೋಡ್ ಬಗ್ಗೆ ಕಲಿತಷ್ಟನ್ನು ನಾನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ. ಕೋಡ್ ಮುಚ್ಚಿದ್ದಿದ್ದರೆ ತಯಾರಕರಿಗೆ ಪತ್ರ ಬರೆದು, ಅವರಿಗೆ ಕನ್ನಡದ ತೊಂದರೆ ಮುಖ್ಯವೆನಿಸುವವರೆಗೆ ಕಾಯಬೇಕಿತ್ತು.

ಮುಕ್ತ ತಂತ್ರಾಂಶವಾದ ಮಾತ್ರಕ್ಕೆ ಅದು ಬಾಳುತ್ತದೆ ಎಂದು ನಾನು ಹೇಳುತ್ತಿಲ್ಲ. ಜಾಲಪುಟಗಳಲ್ಲಿ ಅನಿಮೇಷನ್, ವಿಡಿಯೊ ತೋರಿಸುತ್ತಿದ್ದ ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು, ಅಂಥದ್ದೇ ಆಗಿದ್ದ ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್‌ಗೆ 2021ರ ಅಕ್ಟೋಬರ್‌ನಲ್ಲಿ ತೆರೆ ಬಿತ್ತು. ಜಾಲಪುಟ ಕಟ್ಟುವ ಸಲಕರಣೆ, ಮುಕ್ತವಾಗಿದ್ದ ಆಂಗ್ಯುಲರ್ ಜೆಎಸ್‌ನ ಬೆಂಬಲವೂ 2021ರ ಕೊನೆಗೇ ಮುಗಿಯಿತು. ಆದರೆ ಫ್ಲ್ಯಾಶ್ ಕಲಿತವರ ಕೈಯಲ್ಲಿ ಉಳಿದದ್ದೇನು ಎಂಬುದನ್ನು ಗಮನಿಸಬೇಕು. ಅದರ ಆಕ್ಷನ್‌ಸ್ಕ್ರಿಪ್ಟ್ ಭಾಷೆ, ಬ್ರೌಸರ್‌ಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೂ ಆಧಾರವಾಗಿರುವ ಎಕ್ಮಾಸ್ಕ್ರಿಪ್ಟ್ ಎಂಬ ಬಹಿರಂಗ ಮಾನಕದ ಮೇಲೆ ನಿಂತಿತ್ತು. ಭಾಷೆಯ ತಿರುಳನ್ನು ಅರಗಿಸಿಕೊಂಡವರು ಆಚೆ ದಾಟಿದರು, ಆ ತಂತ್ರಾಂಶದ ಮೆನುಗಳನ್ನಷ್ಟೇ ಬಲ್ಲವರು ಮೊದಲಿನಿಂದ ತೊಡಗಬೇಕಾಯಿತು. ಮಾಹಿತಿ ಕೂಡಿಡುವ ಮುಕ್ತ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಕಥೆ ಇನ್ನೂ ಸಮಾಧಾನ ಕೊಡುವಂಥದ್ದು. ಅದು 2008ರಲ್ಲಿ ಸನ್ ಕಂಪನಿಗೂ 2010ರಲ್ಲಿ ಒರಾಕಲ್‌ಗೂ ಸೇರಿತು. ನಡುವೆ 2009ರಲ್ಲೇ ಅದರ ಮೂಲ ಕರ್ತೃಗಳಲ್ಲೊಬ್ಬರಾದ ಮಾಂಟಿ ವಿಡೇನಿಯಸ್ ಅದೇ ಕೋಡ್‌ನಿಂದ ಮಾರಿಯಾಡಿಬಿ ಎಂಬ ಬೇರೆ ಡೇಟಾಬೇಸನ್ನು ಕವಲೊಡೆಸಿದರು. ಕಲಿತವರ ಶ್ರಮ ಎರಡೂ ಕಡೆ ಚಲಾವಣೆಯಲ್ಲಿ ಉಳಿಯಿತು.

ಇಂದು ಬೀಗ ಬಿದ್ದಿರುವುದು ಹೆಚ್ಚಾಗಿ ಭಾಷೆಗಳಿಗಲ್ಲ, ಕ್ಲೌಡ್ ಸೇವೆಗಳಿಗೆ. ಗೂಗಲ್‌ನ ಅಂಥ ಸೇವೆಯಾದ ಫೈರ್‌ಬೇಸ್‌ನಲ್ಲಿ ಒಂದು ಆ್ಯಪ್ ಬೇಗ ಎದ್ದು ನಿಲ್ಲುತ್ತದೆ ನಿಜ, ಆದರೆ ಅದರ ಡೇಟಾಬೇಸಿನಿಂದ ಮಾಹಿತಿ ಕೇಳುವ ರೀತಿ ಹೆಚ್ಚಾಗಿ ಅದಕ್ಕೇ ಸೀಮಿತ. ಮುಕ್ತ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಕಲಿತ, ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ಬಹುಪಾಲು ಬೇರೆ ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ. ನೌಕರಿಗಾಗಿ ಕಂಪನಿ ಕೇಳುವ ಸೇವೆಯನ್ನು ಕಲಿಯುವುದರಲ್ಲಿ ತಪ್ಪೇನಿಲ್ಲ. ಸಂಬಳ ಬರುವ ಕೆಲಸವನ್ನು ತತ್ತ್ವಕ್ಕಾಗಿ ಬಿಡು ಎಂದು ನಾನು ಯಾವ ಹುಡುಗನಿಗೂ ಹೇಳಲಾರೆ. ಅದಕ್ಕೆ ಮೊದಲು ಎಚ್‌ಟಿಎಂಎಲ್ (ಜಾಲಪುಟದ ರಚನೆ ಬರೆಯುವ ಭಾಷೆ), ಜಾವಾಸ್ಕ್ರಿಪ್ಟ್, ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ), ಎಸ್‌ಕ್ಯೂಎಲ್ ಈ ನಾಲ್ಕು ಕೈಗೆ ಹತ್ತಿರಲಿ ಎಂಬುದಷ್ಟೇ ನನ್ನ ಒತ್ತಾಯ.

ಅವನು ಪಿಎಚ್‌ಪಿಯಿಂದಲೇ ತೊಡಗಿದ್ದಾನೆ. ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿಯೂ ಪಿಎಚ್‌ಪಿಯಲ್ಲೇ ಬರೆದ ಮುಕ್ತ ತಂತ್ರಾಂಶ ಎಂದು ಹೇಳಿದ ರಾತ್ರಿಯೇ ಅದರ ಕೋಡ್ ಇಳಿಸಿಕೊಂಡು, ಕನ್ನಡದ ಸಂದೇಶಗಳಿರುವ ಕಡತವನ್ನು ಹುಡುಕಿ ತೆಗೆದು, ಅದರ ಚಿತ್ರವನ್ನು ನನಗೆ ಕಳುಹಿಸಿದ.